ಸಿಸ್ಟಂ ಚಾಲೂ ಆತೇನ್ರಿ?

ತೊಂಬತ್ತರ ದಶಕದಲ್ಲಿ ಹಾವೇರಿ ಕಡೆಯ ಬ್ಯಾಂಕುಗಳು ಗಿರಾಕಿಗಳಿಗೆ ಬಾಗಿಲು ತೆಗೆಯುತ್ತಿದ್ದದ್ದು ಬೆಳಿಗ್ಗೆ ಹತ್ತೂವರೆಗೆ. ಒಳಗಿನ ಯೂನಿಕ್ಸ್ ಯಂತ್ರ ಅಷ್ಟರೊಳಗೆ ಎದ್ದು ಕೂತಿರಬೇಕಿತ್ತು. ಹಿಂದಿನ ಸಂಜೆ ಅದನ್ನು ಬಂದ್ ಮಾಡಿ ಹೋದವರು, ಮರುದಿನ ಚಾಲೂ ಮಾಡುವವರು, ಅದು ಏಳದಿದ್ದರೆ ಹುಬ್ಬಳ್ಳಿಗೆ ಫೋನ್ ಹಚ್ಚುವವರು ಎಲ್ಲರೂ ಶಾಖೆಯ ಗುಮಾಸ್ತರೇ. ನಾನು ಅವರಲ್ಲೊಬ್ಬಳು. ಗುತ್ತಲದಿಂದ ದಿನಾ ಬಸ್ಸಿನಲ್ಲಿ ಓಡಾಡಿ ಮೊದಲು ಹಾವೇರಿಯಲ್ಲಿ, ಆಮೇಲೆ ಬ್ಯಾಡಗಿಯಲ್ಲಿ, ಕೊನೆಗೆ ರಾಣೆಬೆನ್ನೂರಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಆಗ ಯೂನಿಕ್ಸ್ ಇದ್ದ ಶಾಖೆಗಳಲ್ಲೆಲ್ಲ ಈ ಕೆಲಸ ಹೆಚ್ಚುಕಡಿಮೆ ಒಂದೇ ಥರ ಇತ್ತು.

ಇದರ ಚರಿತ್ರೆ ಬರೆಯಬೇಕು ಅನಿಸಿದ್ದಕ್ಕೆ ನಮ್ಮೂರೇ ಕಾರಣ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಗುತ್ತಲ ಗುತ್ತವೊಳಲಾಗಿತ್ತು. ಕಲ್ಯಾಣದ ಚಾಲುಕ್ಯರಿಗೂ ಆಮೇಲೆ ಸೇವುಣರಿಗೂ ಸಾಮಂತರಾಗಿದ್ದ ಗುತ್ತರು ಇಲ್ಲಿಂದ ಆಳಿದರು. ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಅವರು ಹೇಳಿಕೊಂಡದ್ದು ಶಾಸನಗಳಲ್ಲಿದೆ. ತುಂಗಭದ್ರೆಯ ದಂಡೆಯ ಚೌಡದಾನಪುರಕ್ಕೆ ಹೋಗಿ ಮುಕ್ತೇಶ್ವರನ ಗುಡಿಯ ಮುಂದೆ ನಿಂತರೆ ಎಂಟುನೂರು ವರ್ಷದ ಹಿಂದಿನ ದಾನದತ್ತಿಯ ಮಾತು ಇವತ್ತಿಗೂ ಕಲ್ಲಿನ ಮೇಲೆ ಕಾಣುತ್ತದೆ. ಅದೇ ಸೀಮೆಯಲ್ಲಿ ಮೊನ್ನೆ ಮೊನ್ನೆ, ನಾವು ನೋಡನೋಡುತ್ತಿದ್ದಂತೆ, ಲೆಡ್ಜರುಗಳು ಹೋಗಿ ಯಂತ್ರಗಳು ಬಂದವು. ಆ ಯಂತ್ರಗಳೂ ಹೋದವು. ಅವನ್ನು ನಡೆಸಿದವರ ಕೈಬರಹದ ಒಂದು ವಹಿಯೂ ಈಗ ಹುಡುಕಿದರೆ ಸಿಗುವುದು ಕಷ್ಟ.

ಬ್ಯಾಂಕಿಗೆ ಯಂತ್ರ ಬಂದದ್ದು ಜಗ್ಗಾಟದ ನಂತರ. ಕೆಲಸ ಹೋಗುತ್ತದೆಂಬ ಭಯ ನೌಕರರಲ್ಲಿತ್ತು, ಆ ಭಯಕ್ಕೆ ಕಾರಣವೂ ಇತ್ತು. 1983ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ನೌಕರ ಸಂಘಗಳಿಗೂ ನಡುವೆ ಯಂತ್ರಗಳ ಬಗ್ಗೆ ಒಪ್ಪಂದವಾಯಿತು. ಸಿ. ರಂಗರಾಜನ್ ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಅವರದೇ ಎರಡನೆಯ ಸಮಿತಿಯ ವರದಿ 1989ರಲ್ಲಿ ಬಂತು. ಮೊದಲು ಬಂದವು ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು. ನಾವು ಎಎಲ್‌ಪಿಎಂ ಅನ್ನುತ್ತಿದ್ದೆವು. ಆಮೇಲೆ 1993ರ ಅಕ್ಟೋಬರ್ ಒಪ್ಪಂದ ಬಂದು ಶಾಖೆಗೆ ಶಾಖೆಯನ್ನೇ ಗಣಕಕ್ಕೆ ಹಾಕಲು ದಾರಿಯಾಯಿತು. ಕೇಂದ್ರ ಜಾಗೃತ ಆಯೋಗ 2001ರ ಜನವರಿ 1ರೊಳಗೆ ಶೇಕಡಾ 70ರಷ್ಟು ವ್ಯವಹಾರ ಗಣಕದಲ್ಲೇ ಆಗಬೇಕೆಂದು ಸರ್ಕಾರಿ ಬ್ಯಾಂಕುಗಳಿಗೆ ಗಡುವು ಹಾಕಿದ ಮೇಲಂತೂ ಸರ್ವರುಗಳು ತಾಲೂಕು ಊರುಗಳಿಗೆ ಲಾರಿಯಲ್ಲಿ ಬಂದಿಳಿದವು. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾದ ಕಾಲವೂ ಅದೇ.

ಸರ್ವರ್ ಕೋಣೆ ಅಂದರೆ ಮ್ಯಾನೇಜರರ ಕೋಣೆಯ ಮಗ್ಗುಲಿಗೆ ಅಲ್ಯೂಮಿನಿಯಂ ಪಾರ್ಟಿಷನ್ ಹಾಕಿ ಮಾಡಿದ ಗಾಜಿನ ಗೂಡು. ಒಳಗೆ ಟವರ್ ಸರ್ವರ್, ಒಂದು ಏಸಿ, ಮೂಲೆಯಲ್ಲಿ ಯುಪಿಎಸ್, ಅದರ ಬ್ಯಾಟರಿಗಳು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಸರ್ವರಿನ ಬೆನ್ನಿನಿಂದ ಒಂದೊಂದಾಗಿ ಕೇಬಲ್ ಹೊರಟು ಕೌಂಟರುಗಳ ಮೇಲಿನ ಡಂಬ್ ಟರ್ಮಿನಲ್‌ಗಳಿಗೆ ಹೋಗುತ್ತಿದ್ದವು. ಟರ್ಮಿನಲ್ಲಿಗೆ ತನ್ನದೇ ಆದ ಬುದ್ಧಿ ಇಲ್ಲ. ಸರ್ವರ್ ಎದ್ದರೆ ಅದರ ಮೇಲೆ ಲಾಗಿನ್ ಎಂಬ ಅಕ್ಷರ ಮೂಡುತ್ತದೆ, ಇಲ್ಲದಿದ್ದರೆ ಕಪ್ಪು ಗಾಜು. ನಮ್ಮಲ್ಲಿದ್ದದ್ದು ಅಮೆರಿಕದ ಸಾಂಟಾ ಕ್ರೂಜ್ ಆಪರೇಷನ್ ಕಂಪನಿಯ ಯೂನಿಕ್ಸ್. ಎಲ್ಲರ ಬಾಯಲ್ಲಿ ಅದು ಸ್ಕೋ ಯೂನಿಕ್ಸ್. ಲ್ಯಾರಿ ಮೈಕೆಲ್ಸ್, ಡಗ್ ಮೈಕೆಲ್ಸ್ ಎಂಬ ತಂದೆ ಮಗ 1979ರಲ್ಲಿ ಕಟ್ಟಿದ ಕಂಪನಿ ಅದು. ದುಬಾರಿ ಮಿನಿ ಕಂಪ್ಯೂಟರ್ ಬೇಕಿಲ್ಲದೆ, ಇಂಟೆಲ್ ಚಿಪ್ಪಿನ ಸಾಮಾನ್ಯ ಯಂತ್ರದ ಮೇಲೇ ಹತ್ತಾರು ಜನ ಒಟ್ಟಿಗೆ ಕೆಲಸ ಮಾಡುವಂಥ ಯೂನಿಕ್ಸನ್ನು ಮಾರಿದ್ದು ಅವರ ಹೆಚ್ಚುಗಾರಿಕೆ. ಸಣ್ಣ ಊರಿನ ಶಾಖೆಗೆ ಅದೇ ಸರಿಹೊಂದುತ್ತಿತ್ತು.

ಬೆಳಗಿನ ಕ್ರಮ ಹೀಗೆ. ಮೊದಲು ಯುಪಿಎಸ್ ಚಾಲೂ, ಆಮೇಲೆ ಏಸಿ, ಆಮೇಲೆ ಸರ್ವರ್. ಪರದೆಯ ಮೇಲೆ ಬೂಟ್ ಎಂಬ ಪದ, ಅದರ ಕೆಳಗೆ ಎರಡು ಚುಕ್ಕಿ ಬಂದು ನಿಲ್ಲುತ್ತಿತ್ತು. ಎಂಟರ್ ಒತ್ತಿದರೆ ಯಂತ್ರ ತನ್ನ ಅಂಗಾಂಗಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋಗುತ್ತಿತ್ತು. ಶೇಕಡಾ ಚಿಹ್ನೆಯಿಂದ ಸುರುವಾಗುವ ಸಾಲುಗಳು: ಸೀರಿಯಲ್ ಪೋರ್ಟು, ಫ್ಲಾಪಿ, ಟೇಪು, ಡಿಸ್ಕು. ಅವು ಮುಗಿದ ಮೇಲೆ ಒಂದು ಪ್ರಶ್ನೆ: ದುರಸ್ತಿ ಮಾಡಬೇಕಿದ್ದರೆ ರೂಟ್ ಪಾಸ್‌ವರ್ಡ್ ಕೊಡು, ಎಂದಿನಂತೆ ಏಳಬೇಕಿದ್ದರೆ ಕಂಟ್ರೋಲ್ ಮತ್ತು ಡಿ ಒತ್ತು. ಆಮೇಲೆ ಈಗಿನ ಗಂಟೆ, ತಾರೀಖು ತೋರಿಸಿ ಸರಿಯಿಲ್ಲದಿದ್ದರೆ ಹೊಸದು ಕೊಡು ಅನ್ನುತ್ತಿತ್ತು. ಆ ಜಾಗದಲ್ಲಿ ವರ್ಷಕ್ಕೆ ಇದ್ದದ್ದು ಎರಡೇ ಅಂಕಿ. ಬಡ್ಡಿ ಲೆಕ್ಕವೆಲ್ಲ ತಾರೀಖಿನ ಮೇಲೆ ನಿಂತದ್ದರಿಂದ ಎದುರಿನ ಕ್ಯಾಲೆಂಡರ್ ನೋಡಿ, ಕೈಗಡಿಯಾರ ನೋಡಿ, ಆಮೇಲೆಯೇ ಎಂಟರ್. ಇಷ್ಟಾದ ಮೇಲೆ ಅಧಿಕಾರಿ ಬಂದು ತಮ್ಮ ಪಾಸ್‌ವರ್ಡಿನಿಂದ ಡೇ ಬಿಗಿನ್ ಮಾಡಿದರೆ ಶಾಖೆಯ ದಿನ ಸುರು. ಅಷ್ಟರಲ್ಲಿ ಹೊರಗಿನಿಂದ ಸಿಪಾಯಿ, ಕ್ಯಾಷಿಯರ್, ಮ್ಯಾನೇಜರ್ ಎಲ್ಲರದೂ ಒಂದೇ ಕೂಗು: ಸಿಸ್ಟಂ ಚಾಲೂ ಆತೇನ್ರಿ?

ಸಂಜೆಯ ಕ್ರಮ ಇದಕ್ಕೆ ತಿರುಗುಮುರುಗು. ಡೇ ಎಂಡ್, ಟೇಪಿಗೆ ಬ್ಯಾಕಪ್, ಶಟ್‌ಡೌನ್ ಆಜ್ಞೆ. ಈಗ ಕರೆಂಟು ತೆಗೆಯಬಹುದು, ಇಲ್ಲವೆ ಯಾವುದಾದರೂ ಕೀಲಿ ಒತ್ತಿ ಮತ್ತೆ ಎಬ್ಬಿಸಬಹುದು ಎಂಬ ಸಾಲು ಪರದೆಯ ಮೇಲೆ ಬರುವತನಕ ಯಾರೂ ಗುಂಡಿ ಮುಟ್ಟುವ ಹಾಗಿರಲಿಲ್ಲ. ಗುತ್ತಲದ ಕೊನೆಯ ಬಸ್ಸು ಹೋದರೂ ಆ ಸಾಲಿಗೆ ಕಾಯಬೇಕು.

ಈ ಬೆಳಗಿನ ನಡೆಯನ್ನೆಲ್ಲ ಒಂದು ಸಣ್ಣ ಕಡತ ನಿರ್ಧರಿಸುತ್ತಿತ್ತು. ಇಟಿಸಿ ಎಂಬ ಡೈರೆಕ್ಟರಿ, ಅದರೊಳಗೆ ಡಿಫಾಲ್ಟ್, ಅದರೊಳಗೆ ಬೂಟ್ ಎಂಬ ಹೆಸರಿನ ಫೈಲು. ಪೂರ್ತಿ ಅಧಿಕಾರದ ರೂಟ್ ಆಗಿ ಒಳಹೋಗಿ ವಿಐ ಎಡಿಟರಿನಲ್ಲಿ ತೆರೆದರೆ ಕೆಲವೇ ಸಾಲು. ಎಡಕ್ಕೆ ಒಂದು ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಯೆಸ್ ಅಥವಾ ನೋ. ಡೆಫ್‌ಬೂಟ್‌ಸ್ಟರ್ ಎಂಬ ಸಾಲಿನಲ್ಲಿ ಮಾತ್ರ ಯಂತ್ರದ ಪೂರ್ತಿ ವಿಳಾಸ: ಹಾರ್ಡ್ ಡಿಸ್ಕಿನ 40 ಎಂಬ ಅಂಕಿಯ ಭಾಗದಿಂದ ಯೂನಿಕ್ಸ್ ತಗೋ, ಸ್ವಾಪ್‌ಗೂ ಡಂಪ್‌ಗೂ 41, ರೂಟ್ ಅಂದರೆ 42. ಬೂಟ್ ಎಂದು ಬಂದಾಗ ನಾವು ಸುಮ್ಮನೆ ಎಂಟರ್ ಒತ್ತಿದರೆ ಯಂತ್ರ ತಾನಾಗಿ ಓದಿಕೊಳ್ಳುತ್ತಿದ್ದದ್ದು ಇದನ್ನು. ನನಗೆ ಇದನ್ನು ಕಲಿಸಿದವರು ಹುಬ್ಬಳ್ಳಿಯಿಂದ ಬರುತ್ತಿದ್ದ ಒಬ್ಬ ಕಸ್ಟಮರ್ ಎಂಜಿನಿಯರ್. ಪ್ರತಿ ಸಾಲನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿ, ಮಗ್ಗುಲಿಗೆ ಕನ್ನಡದಲ್ಲಿ ಅರ್ಥ ಬರೆಸಿ ಹೋದರು.

ಈ ಸಾಲುಗಳಲ್ಲಿ ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಆಟೋಬೂಟ್. ಅದಕ್ಕೆ ಯೆಸ್ ಅಂದಿದ್ದರೆ ಕರೆಂಟು ಬಂದ ಕೂಡಲೇ, ಸ್ವಲ್ಪ ಕಾದು, ಯಾರೂ ಎಂಟರ್ ಒತ್ತದಿದ್ದರೂ ಯಂತ್ರ ತಾನೇ ಏಳುತ್ತದೆ. ನೋ ಅಂದಿದ್ದರೆ ಬೂಟ್ ಎಂಬಲ್ಲೇ ನಿಂತು ಮನುಷ್ಯರ ದಾರಿ ಕಾಯುತ್ತದೆ. ಕಂಪನಿಯಿಂದ ಬರುವಾಗ ಯೆಸ್ ಎಂದೇ ಇರುತ್ತಿತ್ತು. ಹೋದ ಕರೆಂಟು ಒಮ್ಮೆ ಬಂದರೆ ಉಳಿಯುವ ಊರಿಗೆ ಅದು ಸರಿ. ನಮ್ಮಲ್ಲಿ ಕೆಇಬಿಯವರು ಕರೆಂಟು ಕೊಟ್ಟು ತೆಗೆದು, ಮತ್ತೆ ಕೊಟ್ಟು ತೆಗೆದು ಮಾಡುವುದು ಬೇಸಿಗೆಯ ದಿನಚರಿ. ಬೇಸಿಗೆಯಲ್ಲಿ ಯುಪಿಎಸ್ ಬ್ಯಾಟರಿ ಪೂರ್ತಿ ತುಂಬಿಕೊಳ್ಳುವಷ್ಟು ಹೊತ್ತು ಲೈನು ನಿಲ್ಲುತ್ತಲೇ ಇರಲಿಲ್ಲ. ಯಂತ್ರ ಅರ್ಧ ಎದ್ದು, ಡಿಸ್ಕಿನ ಕಡತಗಳನ್ನು ತೆರೆದು ಕೂತಿರುವಾಗ ಮತ್ತೆ ಕರೆಂಟು ಹೋದರೆ ಮೊದಲ ಪೆಟ್ಟಿಗಿಂತ ಎರಡನೆಯ ಪೆಟ್ಟು ಜೋರು. ಅದಕ್ಕೇ ಆ ಎಂಜಿನಿಯರು ನಮ್ಮ ಶಾಖೆಯಲ್ಲಿ ಆಟೋಬೂಟನ್ನು ನೋ ಮಾಡಿಸಿದರು. ಲೈನು ನಿಂತಿದೆ ಎಂದು ನಮಗೆ ಖಾತ್ರಿಯಾದ ಮೇಲೆಯೇ ಎಂಟರ್. ಸಾಂಟಾ ಕ್ರೂಜ್‌ನಲ್ಲಿ ಕೂತವರಿಗೆ ಗೊತ್ತಿಲ್ಲದ ಸಂಗತಿ ಹಾವೇರಿಯ ಗುಮಾಸ್ತೆಗೆ ಗೊತ್ತಿತ್ತು, ಆ ತಿಳಿವಳಿಕೆಯನ್ನು ಯಂತ್ರದೊಳಗೆ ಬರೆಯಲು ಒಂದು ಜಾಗವೂ ಇತ್ತು. ಯೂನಿಕ್ಸಿನ ಬಗ್ಗೆ ನನಗೆ ಇವತ್ತಿಗೂ ಗೌರವ ಇರುವುದು ಈ ಕಾರಣಕ್ಕೆ.

ಕರೆಂಟು ಹಠಾತ್ತನೆ ಹೋದ ಮರುಬೆಳಿಗ್ಗೆ ಡಿಸ್ಕಿನ ತಪಾಸಣೆ ನಡೆಯುತ್ತಿತ್ತು. ಎಫ್‌ಎಸ್‌ಸಿಕೆ ಎಂಬ ಆಜ್ಞೆ ಅದು. ಬ್ಯಾಂಕಿನವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಅದು ಲೆಡ್ಜರಿಗೂ ಜನರಲ್ ಲೆಡ್ಜರಿಗೂ ತಾಳೆ ಹಾಕಿದಂತೆ. ಯಾವ ಕಡತಕ್ಕೆ ಯಾವ ಬ್ಲಾಕು ಎಂಬ ಪಟ್ಟಿಯನ್ನೂ ಡಿಸ್ಕಿನಲ್ಲಿ ನಿಜಕ್ಕೂ ಇರುವುದನ್ನೂ ಅದು ಹೋಲಿಸಿ, ವಾರಸುದಾರರಿಲ್ಲದ ತುಂಡುಗಳನ್ನು ಲಾಸ್ಟ್ ಅಂಡ್ ಫೌಂಡ್ ಎಂಬ ಡೈರೆಕ್ಟರಿಯಲ್ಲಿ ಹೆಸರಿನ ಬದಲು ಅಂಕಿ ಹಚ್ಚಿ ಇಡುತ್ತಿತ್ತು. ಆ ತಾಳೆಯನ್ನು ಕೇಳದೆ ಮಾಡಬೇಕೋ, ಒಂದೊಂದಕ್ಕೂ ಕೇಳಬೇಕೋ ಎಂಬುದಕ್ಕೂ ಅದೇ ಬೂಟ್ ಫೈಲಿನಲ್ಲಿ ಒಂದು ಸಾಲು. ನಮ್ಮಲ್ಲಿ ಅದು ಯೆಸ್. ಕೇಳಿದ್ದರೂ ಉತ್ತರ ಕೊಡುವಷ್ಟು ತಿಳಿದವರು ಶಾಖೆಯಲ್ಲಿ ಯಾರೂ ಇರಲಿಲ್ಲ.

ಯಂತ್ರ ಹೇಗೆ ಏಳಬೇಕೆಂದು ಮೊದಲೇ ಹೇಳಿಡುವ ಈ ಪದ್ಧತಿಗೆ ಯೂನಿಕ್ಸಿನಷ್ಟೇ ವಯಸ್ಸು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಅದನ್ನು ಸುರು ಮಾಡಿದರು. ಆಮೇಲೆ ಬಂದ ಪಿಡಿಪಿ-11 ಯಂತ್ರಗಳ ಮುಖದ ಮೇಲೆ ಮೇಲಕ್ಕೂ ಕೆಳಕ್ಕೂ ಎತ್ತಿಳಿಸುವ ಸ್ವಿಚ್ಚುಗಳ ಒಂದು ಸಾಲಿತ್ತು. ಯೂನಿಕ್ಸಿನ 1975ರ ಆರನೆಯ ಆವೃತ್ತಿಯಲ್ಲಿ ಆ ಸ್ವಿಚ್ಚುಗಳನ್ನು 173030 ಎಂಬ ಅಂಕಿಗೆ ಇಟ್ಟು ಎಬ್ಬಿಸಿದರೆ ಯಂತ್ರ ಎಲ್ಲರಿಗೂ ಬಾಗಿಲು ತೆಗೆಯುತ್ತಿರಲಿಲ್ಲ. ಕನ್ಸೋಲಿನ ಮುಂದೆ ಕೂತ ಒಬ್ಬರಿಗೆ ಮಾತ್ರ ಆಜ್ಞೆ ಬರೆಯುವ ಶೆಲ್ ಕೊಡುತ್ತಿತ್ತು. ದುರಸ್ತಿಗೆ ಒಬ್ಬರೇ ಸಾಕು ಎಂಬುದು ಆಗಿನ ತಿಳಿವಳಿಕೆ. ನಮ್ಮ ಪರದೆಯ ಮೇಲೆ ರೂಟ್ ಪಾಸ್‌ವರ್ಡ್ ಕೊಡು, ಇಲ್ಲವೆ ಕಂಟ್ರೋಲ್ ಡಿ ಒತ್ತು ಎಂದು ಬರುತ್ತಿದ್ದ ಪ್ರಶ್ನೆಯ ಬೇರು ಅಲ್ಲಿದೆ. ಸ್ವಿಚ್ಚು ಹೋಗಿ ಅಕ್ಷರ ಬಂತು, ಕೆಲಸ ಅದೇ. ಸ್ವಿಚ್ಚನ್ನು ಎತ್ತಿಳಿಸಲು ಯಂತ್ರದ ಹತ್ತಿರವೇ ಇರಬೇಕಿತ್ತು. ಅಕ್ಷರವಾದ ಮೇಲೆ ಫೋನಿನಲ್ಲಿ ಹೇಳಿ ಬರೆಸಬಹುದಾಯಿತು. ನಮ್ಮಂಥ ಊರುಗಳಿಗೆ ಇದರಿಂದ ದೊಡ್ಡ ಉಪಕಾರವಾಯಿತು.

ಬ್ಯಾಡಗಿಯ ಒಂದು ಸೋಮವಾರದ ಬೆಳಿಗ್ಗೆ ಅದನ್ನು ನಾನು ಕಣ್ಣಾರೆ ಕಂಡೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ, ಗುರುವಾರ ದೊಡ್ಡ ದಿನಗಳು. ಸುಗ್ಗಿಯಲ್ಲಿ ರಸ್ತೆ ತುಂಬ ಚೀಲದ ಲಾರಿಗಳು, ಕಣ್ಣು ಮೂಗಿಗೆ ಘಾಟು. ದಲ್ಲಾಳಿ ಅಂಗಡಿಯವರು ಚೆಕ್ ಹಿಡಿದು ಬಾಗಿಲ ಮುಂದೆ ನಿಂತಿರುತ್ತಿದ್ದರು. ಅವರ ಬೆನ್ನಿಗೆ ರೊಕ್ಕಕ್ಕಾಗಿ ಕಾದ ರೈತರು. ನೂಕುನುಗ್ಗಲು ಹೆಚ್ಚಿತೆಂದು ಇನ್ನಷ್ಟು ಟರ್ಮಿನಲ್ ಮಂಜೂರಾಗಿದ್ದವು. ಭಾನುವಾರ ಒಬ್ಬ ಹೊಸ ಎಂಜಿನಿಯರ್ ಬಂದು ಸರ್ವರಿಗೆ ಇನ್ನೊಂದು ಕಾರ್ಡು ಹಾಕಿ, ಅದರ ಡ್ರೈವರ್ ಸೇರಿಸಿ, ಯೂನಿಕ್ಸಿನ ತಿರುಳಾದ ಕರ್ನೆಲ್ಲನ್ನು ಹೊಸದಾಗಿ ಜೋಡಿಸಿ ಹೋಗಿದ್ದರು. ಸೋಮವಾರ ಎಂಟರ್ ಒತ್ತಿದೆ. ಸಾಲುಗಳು ಅರ್ಧಕ್ಕೆ ಬಂದವು, ಪರದೆ ತುಂಬ ಅಂಕಿಗಳು ಸುರಿದವು, ಪ್ಯಾನಿಕ್ ಎಂಬ ಪದ ಬಂದು ಎಲ್ಲ ನಿಂತಿತು. ಪ್ಯಾನಿಕ್‌ಬೂಟ್ ಎಂಬ ಸಾಲು ನೋ ಇದ್ದದ್ದರಿಂದ ಅದು ಮತ್ತೆ ಮತ್ತೆ ಎದ್ದು ಬೀಳಲಿಲ್ಲ. ಹಾಗೇ ನಿಂತು ನಮ್ಮನ್ನು ಕಾಯಿತು.

ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಹಳೆಯ ಎಂಜಿನಿಯರೇ ಸಿಕ್ಕರು. ಮ್ಯಾನೇಜರರ ಮೇಜಿನಿಂದ ಫೋನಿನ ವಯರು ಸರ್ವರ್ ಕೋಣೆಯ ಬಾಗಿಲಿಗೆ ಮಾತ್ರ ಮುಟ್ಟುತ್ತಿತ್ತು. ನಾನು ಒಳಗೆ, ಸಿಪಾಯಿ ಬಾಗಿಲಲ್ಲಿ ರಿಸೀವರ್ ಹಿಡಿದು ನಡುವೆ.

“ಅಕ್ಕಾರಿಗೆ ಹೇಳ್ರಿ, ಒಮ್ಮೆ ಬಂದ್ ಮಾಡಿ ಮತ್ತ ಚಾಲೂ ಮಾಡ್ಲಿ. ಬೂಟ್ ಅಂತ ಬಂದ್ರ ಎಂಟರ್ ಒತ್ತಬ್ಯಾಡ್ರಿ.”

“ಬಂದು ನಿಂತೈತ್ರಿ. ಕೆಳಗ ಎರಡು ಚುಕ್ಕಿ ಅದಾವ.”

“ಈಗ ಯು ಎನ್ ಐ ಎಕ್ಸ್, ಒಂದು ಚುಕ್ಕಿ, ಓ ಎಲ್ ಡಿ. ನಡುವ ಜಾಗ ಬಿಡಬ್ಯಾಡ್ರಿ, ಎಲ್ಲಾ ಸಣ್ಣಕ್ಷರ. ಬರದ್ರೇನ್ರಿ? ಈಗ ಒತ್ರಿ ಎಂಟರ್.”

ಹೊಸ ಕರ್ನೆಲ್ ಜೋಡಿಸುವಾಗ ಹಳೆಯದನ್ನು ಯೂನಿಕ್ಸ್ ಡಾಟ್ ಓಲ್ಡ್ ಎಂಬ ಹೆಸರಿನಲ್ಲಿ ಉಳಿಸಿಡುವುದು ಸ್ಕೋದ ಪದ್ಧತಿ. ಶನಿವಾರದವರೆಗೆ ಸರಿಯಾಗಿ ನಡೆದಿದ್ದ ಯಂತ್ರ ಆ ಹೆಸರಿನೊಳಗೆ ಹಾಗೇ ಇತ್ತು. ಶೇಕಡಾ ಚಿಹ್ನೆಯ ಸಾಲುಗಳು ಪೂರ್ತಿ ಬಂದವು, ಗಂಟೆ ಕೇಳಿತು, ಹಳೆಯ ಟರ್ಮಿನಲ್‌ಗಳಲ್ಲೆಲ್ಲ ಲಾಗಿನ್ ಮೂಡಿತು. ಹೊಸ ಟರ್ಮಿನಲ್‌ಗಳು ಮಾತ್ರ ಕಪ್ಪಾಗಿಯೇ ಉಳಿದವು, ಉಳಿಯಲಿ. ಬಾಗಿಲು ಹತ್ತೂವರೆಗೇ ತೆಗೆದೆವು. ರೊಕ್ಕಕ್ಕೆ ಬಂದ ರೈತರು ಯಾರೂ ಖಾಲಿ ಕೈಯಲ್ಲಿ ತಿರುಗಿ ಹೋಗಲಿಲ್ಲ. ಆ ವಾರವೇ ಎಂಜಿನಿಯರು ಬಂದು ಡ್ರೈವರನ್ನು ಸರಿಪಡಿಸಿದರು.

ಹೀಗೆ ಪ್ಯಾನಿಕ್ ಆದ ಮೇಲೆ ಯಂತ್ರವನ್ನು ಎಬ್ಬಿಸಿದಾಗ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಸ್ವಾಪ್ ಜಾಗದಲ್ಲಿ ಬಿದ್ದ ಕ್ಷಣದ ಮೆಮೊರಿಯ ಚಿತ್ರ ಇರಬಹುದು, ಉಳಿಸಲೇ? ನಾವು ಯಾವಾಗಲೂ ಎನ್ ಎಂದೇ ಒತ್ತುತ್ತಿದ್ದೆವು. ಉಳಿಸಲು ಟೇಪು, ಸಮಯ ಎರಡೂ ಬೇಕು, ಅದನ್ನು ಓದಬಲ್ಲವರು ಹತ್ತಿರದಲ್ಲಿ ಇಲ್ಲ. ಹಾಗಾಗಿ ಯಂತ್ರ ಯಾಕೆ ಬಿತ್ತು ಎಂಬ ಸಾಕ್ಷಿ ಪ್ರತಿ ಸಲವೂ ಅಳಿಸಿಹೋಗುತ್ತಿತ್ತು. ಬೀಳುತ್ತಿರುವ ಕರ್ನೆಲ್ಲೇ ತನ್ನ ಸಾಕ್ಷಿಯನ್ನು ತಾನೇ ಬರೆಯಬೇಕಾಗಿದ್ದದ್ದು ಈ ಪದ್ಧತಿಯ ಇನ್ನೊಂದು ತೊಂದರೆ. ತಲೆ ಕೆಟ್ಟ ಹೊತ್ತಿನಲ್ಲಿ ಬರೆದದ್ದನ್ನು ನಂಬುವುದು ಹೇಗೆ?

ಈ ತೊಂದರೆಗೆ ಯೂನಿಕ್ಸಿನ ಮಾದರಿಯಲ್ಲೇ ಆಮೇಲೆ ಬಂದ ಲಿನಕ್ಸ್‌ನಲ್ಲಿ ಪರಿಹಾರ ಕಟ್ಟಿದ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ, ಇದನ್ನು ಕನ್ನಡಿಗರು ತಿಳಿದಿರಬೇಕು. ಎರಿಕ್ ಬೀಡರ್‌ಮನ್ ಎಂಬ ಅಮೆರಿಕದ ಎಂಜಿನಿಯರ್ ಕೆಎಕ್ಸೆಕ್ ಎಂಬುದನ್ನು ಬರೆದರು. ಯಂತ್ರವನ್ನು ಪೂರ್ತಿ ಬಂದ್ ಮಾಡದೆ, ಬಯಾಸ್‌ಗೂ ಹೋಗದೆ, ನಡೆಯುತ್ತಿರುವ ಲಿನಕ್ಸಿನ ಕಮಾಂಡ್ ಲೈನಿನಿಂದಲೇ ಇನ್ನೊಂದು ಕರ್ನೆಲ್ಲನ್ನು ಎಬ್ಬಿಸುವ ಉಪಾಯ ಅದು. ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮೊದಲಾದವರು ಅದರ ಮೇಲೆ ಕೆಡಂಪ್ ಕಟ್ಟಿದರು. ಯಂತ್ರ ಏಳುವಾಗಲೇ ಬೂಟ್ ಸಾಲಿನಲ್ಲಿ ಕ್ರ್ಯಾಶ್‌ಕರ್ನೆಲ್ ಎಂಬ ಒಂದು ಮಾತು ಸೇರಿಸಿ ಸ್ವಲ್ಪ ಮೆಮೊರಿಯನ್ನು ಬೇರೆ ಇಡಿಸುತ್ತಾರೆ. ಆ ಜಾಗದಲ್ಲಿ ಎರಡನೆಯ ಕರ್ನೆಲ್ ಸುಮ್ಮನೆ ಕಾದಿರುತ್ತದೆ. ಮೊದಲನೆಯದು ಬಿದ್ದ ಕೂಡಲೇ ಎರಡನೆಯದು ಎದ್ದು, ಬಿದ್ದದ್ದರ ಮೆಮೊರಿಯನ್ನು ಶಾಂತವಾಗಿ ಡಿಸ್ಕಿಗೆ ಬರೆದಿಡುತ್ತದೆ. ಈ ಬಗ್ಗೆ ಬೀಡರ್‌ಮನ್, ಗೋಯಲ್, ನೆಲ್ಲಿತೀರ್ಥ ಮೂವರ ಹೆಸರಿನ ಪ್ರಬಂಧ 2005ರಲ್ಲಿ ಕೆನಡಾದ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ 2.6.13ನೆಯ ಕರ್ನೆಲ್ಲಿನೊಳಗೆ ಈ ಕೆಲಸ ಸೇರಿತು. ನಾವು ಎನ್ ಒತ್ತಿ ಅಳಿಸುತ್ತಿದ್ದ ಸಾಕ್ಷಿಯನ್ನು ಈಗ ದೊಡ್ಡ ದೊಡ್ಡ ಸರ್ವರುಗಳು ಯಾರನ್ನೂ ಕೇಳದೆ ಉಳಿಸಿಕೊಳ್ಳುತ್ತವೆ. ನೆಲ್ಲಿತೀರ್ಥ ಅಂದರೆ ದಕ್ಷಿಣ ಕನ್ನಡದ ಒಂದು ಊರು. ಆ ಊರಿನ ಹೆಸರು ಲಿನಕ್ಸ್ ಚರಿತ್ರೆಯ ಕಾಗದಪತ್ರಗಳಲ್ಲಿ ಕಾಯಂ ಆಗಿ ಸೇರಿದೆ.

ಶಾಖೆಯ ಸರ್ವರಿನ ಆಯುಷ್ಯ ಮುಗಿದದ್ದು ಎಲ್ಲ ಶಾಖೆಗಳ ಲೆಕ್ಕವನ್ನೂ ದೂರದ ಒಂದು ಕೇಂದ್ರದ ದೊಡ್ಡ ಯಂತ್ರಗಳಲ್ಲಿಡುವ ಕೋರ್ ಬ್ಯಾಂಕಿಂಗ್‌ನಿಂದ. ಬೆಂಗಳೂರಿನ ಇನ್ಫೋಸಿಸ್ ಮಾಡಿದ ಫಿನಾಕಲ್ ತಂತ್ರಾಂಶವನ್ನು ಮಂಗಳೂರಿನ ಕರ್ನಾಟಕ ಬ್ಯಾಂಕ್ 2000ದಲ್ಲೇ ತಂದು ಮನಿಪ್ಲಾಂಟ್ ಎಂದು ಹೆಸರಿಟ್ಟಿತು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಬಂದರು. 2011ರ ಹೊತ್ತಿಗೆ ಗ್ರಾಮೀಣ ಬ್ಯಾಂಕುಗಳೂ ಆ ಕಡೆ ಹೊರಳಿದವು. ಗಿರಾಕಿಗೆ ಇದರಿಂದ ಒಳ್ಳೆಯದೇ ಆಯಿತು. ಗುತ್ತಲದ ಖಾತೆಯಿಂದ ಮಗ ಪುಣೆಯಲ್ಲಿ ರೊಕ್ಕ ತೆಗೆಯಬಹುದಾಯಿತು. ಅದು ಬೇಡವಾಗಿತ್ತು ಎಂದು ನಾನು ಹೇಳುವವಳಲ್ಲ. ನಮ್ಮ ಗಾಜಿನ ಗೂಡಿನಿಂದ ಸರ್ವರ್ ಹೊರಟಿತು, ಆ ಜಾಗದಲ್ಲಿ ಹಳೆಯ ವೋಚರ್ ಚೀಲಗಳು ಬಂದು ಕೂತವು.

ಒಮ್ಮೆ ತರಬೇತಿಗೆ ಬೆಂಗಳೂರಿಗೆ ಹೋದಾಗ ಕೇಂದ್ರದ ಆ ದೊಡ್ಡ ಯಂತ್ರಗಳ ಹತ್ತಿರ ಒಯ್ದು ತೋರಿಸಿದರು. ಅಲ್ಲಿದ್ದದ್ದು ಸನ್ ಕಂಪನಿಯ ಸೊಲಾರಿಸ್ ಯೂನಿಕ್ಸ್. ಆ ಯಂತ್ರಗಳಲ್ಲಿ ಬೂಟ್ ಎಂದು ಬರುವ ಜಾಗದಲ್ಲಿ ಓಕೆ ಎಂಬ ಎರಡಕ್ಷರ ಬರುತ್ತದೆ. ಸನ್‌ನ ಮಿಚ್ ಬ್ರಾಡ್ಲಿ ಫೋರ್ತ್ ಭಾಷೆಯಲ್ಲಿ ಕಟ್ಟಿದ ಓಪನ್‌ಬೂಟ್ ಅದು. ಯಾವ ಡಿಸ್ಕಿನಿಂದ ಏಳಬೇಕು, ತಾನೇ ಏಳಬೇಕೋ ಕಾಯಬೇಕೋ ಎಂಬುದೆಲ್ಲ ಯಂತ್ರದ ಒಂದು ಚಿಪ್ಪಿನಲ್ಲಿರುತ್ತದೆ. ಯಂತ್ರವನ್ನು ಬಂದ್ ಮಾಡದೆ, ಇಇಪ್ರಾಮ್ ಎಂಬ ಒಂದು ಯೂನಿಕ್ಸ್ ಆಜ್ಞೆಯಿಂದ ಅದನ್ನು ನೋಡಬಹುದು, ಬದಲಿಸಬಹುದು. ಅಲ್ಲಿನ ಅಧಿಕಾರಿ ಆಜ್ಞೆ ಕೊಟ್ಟು ಪಟ್ಟಿ ತೋರಿಸಿದರು. ಆಟೋ-ಬೂಟ್ ಎಂಬ ಸಾಲು ಅಲ್ಲಿಯೂ ಇತ್ತು, ಅದರ ಮುಂದೆ ಟ್ರೂ ಎಂದಿತ್ತು. ಎರಡು ಕಡೆಯಿಂದ ಕರೆಂಟು, ಹೊರಗೆ ಡೀಸೆಲ್ ಜನರೇಟರು ಇರುವ ಕಟ್ಟಡಕ್ಕೆ ಅದೇ ಸರಿ.

ಕೋರ್ ಬ್ಯಾಂಕಿಂಗ್ ಬಂದಂದಿನಿಂದ ಶಾಖೆಯವರ ಬೆಳಗಿನ ಕೆಲಸ ಕಾಯುವುದು ಒಂದೇ ಆಯಿತು. ಹೆಸ್ಕಾಂ ಬಂದ ಮೇಲೆ ಕರೆಂಟು ಎಷ್ಟೋ ಸುಧಾರಿಸಿತು, ಆದರೆ ಕೇಂದ್ರದ ಜೊತೆಗಿನ ಸಂಪರ್ಕ ಹೋದರೆ ಸರ್ವರ್ ಇಲ್ಲ ಅನ್ನುವುದು ಬಿಟ್ಟು ಗಿರಾಕಿಗೆ ಹೇಳಲು ನಮ್ಮ ಹತ್ತಿರ ಏನೂ ಉಳಿಯಲಿಲ್ಲ. ಬ್ಯಾಡಗಿಯ ಆ ಸೋಮವಾರದ ಥರ ಒಂದು ಹೆಸರು ಬರೆದು ಬಾಗಿಲು ತೆಗೆಯುವ ದಾರಿ ಈಗಿನ ಗುಮಾಸ್ತರಿಗಿಲ್ಲ. ಒಂದು ಯಂತ್ರ ಹೇಗೆ ಏಳಬೇಕೆಂದು ನಿರ್ಧರಿಸುವ ಹಕ್ಕಿನಲ್ಲಿ ಸ್ವಲ್ಪವಾದರೂ ಅದರ ಪಕ್ಕದಲ್ಲಿ ಕೂತವರಿಗೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಬೀಗ ಬಂದಿದೆ. ಕಳ್ಳ ತಂತ್ರಾಂಶವನ್ನು ತಡೆಯಲು ಅದು ಬೇಕು, ಒಪ್ಪುತ್ತೇನೆ. ಬೀಗದ ಕೈ ಮನೆಯವರ ಕೈಯಲ್ಲೂ ಒಂದಿರಲಿ.

ಆ ಹಕ್ಕು ಪೂರ್ತಿ ಹೋಗಿಲ್ಲ ಎಂದು ತಿಳಿದದ್ದು ಶಾಲೆಯಿಂದ. ನನ್ನ ತಂಗಿಯ ಮಗಳು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ರಾಜ್ಯದ ಶಿಕ್ಷಣ ಇಲಾಖೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಅವಳು ಉಬುಂಟು ಲಿನಕ್ಸ್ ಕಲಿತಳು. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಅದನ್ನೂ ಹಾಕಿಸಿಕೊಂಡಳು. ಚಾಲೂ ಮಾಡಿದರೆ ಗ್ರಬ್ ಎಂಬ ಪಟ್ಟಿ ಬಂದು ಯಾವುದು ಬೇಕು ಎಂದು ಕೇಳುತ್ತದೆ. ಸ್ವಲ್ಪ ಹೊತ್ತು ಕಾದು ತಾನೇ ಒಂದನ್ನು ಎಬ್ಬಿಸುತ್ತದೆ. “ದೊಡ್ಡವ್ವ, ಇದು ಇನ್ನೂ ಸ್ವಲ್ಪ ಹೊತ್ತು ಕಾಯೂ ಹಂಗ ಮಾಡಬೇಕು” ಎಂದು ಒಂದು ಸಂಜೆ ಟರ್ಮಿನಲ್ ತೆರೆದು ಕೂತಳು. ಅವಳು ಬರೆದ ವಿಳಾಸ ನೋಡಿ ನನ್ನ ಕಣ್ಣು ಅಲ್ಲೇ ನೆಟ್ಟಿತು: ಇಟಿಸಿ, ಅದರೊಳಗೆ ಡಿಫಾಲ್ಟ್, ಅದರೊಳಗೆ ಗ್ರಬ್. ಹಳೆಯ ಯೂನಿಕ್ಸಿನ ಮನೆತನದಿಂದ ಬಂದ ಅದೇ ಡೈರೆಕ್ಟರಿ. ಅದೇ ರೀತಿಯ ಸಾಲುಗಳು: ಎಡಕ್ಕೆ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಬೆಲೆ. ಟೈಮ್‌ಔಟ್ ಎಂಬ ಸಾಲು ಹುಡುಕಿ, ಅಂಕಿ ಬದಲಿಸಿ, ಅಪ್‌ಡೇಟ್-ಗ್ರಬ್ ಎಂಬ ಆಜ್ಞೆ ಕೊಟ್ಟಳು. ಕೊನೆಯ ಆ ಆಜ್ಞೆಯನ್ನು ಮರೆತರೆ ಬರೆದದ್ದು ಜಾರಿಗೆ ಬರುವುದಿಲ್ಲ. ಲಿನಕ್ಸಿನ ಮೊದಲ ದಿನಗಳಲ್ಲಿ ವರ್ನರ್ ಆಲ್ಮ್ಸ್‌ಬರ್ಗರ್ ಬರೆದ ಲಿಲೋ ಎಂಬ ಬೂಟ್ ತಂತ್ರಾಂಶದಲ್ಲೂ ಹೀಗೆಯೇ. ಫೈಲು ತಿದ್ದಿದ ಮೇಲೆ ಲಿಲೋ ಎಂದು ಬರೆದು ಒಮ್ಮೆ ಎಂಟರ್ ಒತ್ತಲೇಬೇಕಿತ್ತು. ಗ್ರಬ್ ಅನ್ನು 1995ರಲ್ಲಿ ಸುರು ಮಾಡಿದವರು ಎರಿಕ್ ಬೋಲೀನ್.

ನಮ್ಮ ಶಾಖೆಗಳ ಯೂನಿಕ್ಸ್ ಮಾಡಿದ ಸಾಂಟಾ ಕ್ರೂಜ್ ಕಂಪನಿ ಅದನ್ನು 2001ರಲ್ಲಿ ಕಾಲ್ಡೆರಾ ಎಂಬ ಕಂಪನಿಗೆ ಮಾರಿತು. ಕೊಂಡ ಕಾಲ್ಡೆರಾ ಎಸ್‌ಸಿಒ, ಅಂದರೆ ಸ್ಕೋ, ಎಂದು ಹೆಸರು ಬದಲಿಸಿಕೊಂಡು 2003ರಲ್ಲಿ ಐಬಿಎಂ ಮೇಲೆ ಮೊಕದ್ದಮೆ ಹೂಡಿ, 2007ರಲ್ಲಿ ದಿವಾಳಿಯ ಅರ್ಜಿ ಹಾಕಿತು. ಆ ಕಥೆ ಬರೆದವರು ಬಹಳ ಮಂದಿ ಇದ್ದಾರೆ.

ನಮ್ಮ ಕಥೆ ಬರೆಯುವವರು ನಾವೇ ಆಗಬೇಕು. ಶಾಖೆಯಲ್ಲಿ ಪ್ರತಿ ಬೆಳಿಗ್ಗೆ ಸಿಸ್ಟಂ ರಿಜಿಸ್ಟರಿನಲ್ಲಿ ಎದ್ದ ಗಂಟೆ, ಮಲಗಿದ ಗಂಟೆ, ಕರೆಂಟು ಹೋದ ಗಂಟೆ, ಟೇಪಿನ ನಂಬರು, ಫೋನಿನಲ್ಲಿ ಬರೆಸಿದ ಆಜ್ಞೆ ಎಲ್ಲವನ್ನೂ ಬರೆದು ಸಹಿ ಹಾಕುತ್ತಿದ್ದೆವು. ಅವಧಿ ಮುಗಿದ ದಾಖಲೆಗಳನ್ನು ನಾಶ ಮಾಡುವ ನಿಯಮದ ಕೆಳಗೆ ಅವು ಹೋಗಿವೆ, ಹೋಗುತ್ತಿವೆ. ಗಿರಾಕಿಯ ಲೆಕ್ಕ ಗುಟ್ಟಾಗಿಯೇ ಇರಬೇಕು, ಸರಿ. ಆದರೆ ಈ ರಿಜಿಸ್ಟರಿನಲ್ಲಿ ಯಾರ ಖಾತೆಯೂ ಇಲ್ಲ. ಅದರಲ್ಲಿರುವುದು ಒಂದು ಸೀಮೆಯ ಕರೆಂಟಿನ ಚರಿತ್ರೆ, ಒಂದು ಉದ್ಯೋಗದ ಚರಿತ್ರೆ. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಕೂರಿಗೆ ಕುಂಟೆಯ ಬಗ್ಗೆ ತೋರುವ ಕಾಳಜಿಯನ್ನು ಬ್ಯಾಂಕಿನ ಬೂಟ್ ಫ್ಲಾಪಿ, ಡಂಬ್ ಟರ್ಮಿನಲ್, ಸಿಸ್ಟಂ ರಿಜಿಸ್ಟರುಗಳ ಬಗ್ಗೆಯೂ ಅವರು ತೋರಬೇಕೆಂದು ನನ್ನ ಕೋರಿಕೆ. ನಿವೃತ್ತ ಬ್ಯಾಂಕ್ ನೌಕರರಲ್ಲಿ, ಹುಬ್ಬಳ್ಳಿ ದಾವಣಗೆರೆಗಳಿಂದ ಓಡಾಡಿದ ಎಂಜಿನಿಯರುಗಳಲ್ಲಿ ಒಂದು ವಿನಂತಿ: ನಿಮ್ಮ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಬೇಡಿ. ಯಾವ ಊರಿನ ಶಾಖೆಯಲ್ಲಿ ಆಟೋಬೂಟ್ ಯೆಸ್ ಇತ್ತು, ಎಲ್ಲಿ ನೋ ಇತ್ತು, ಯಾಕೆ ಎಂದು ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆದಿಡಿ.